ಸ್ವಿಫ್ಟ್‌ಗೆ ದಪ್ಪ ಟೈರ್ ಹಾಕಿದ ಮೇಲೆ: ಆರು ವಾರದ ಲೆಕ್ಕ

ಟೈರ್ ಹಾಕಿಸುವ ಮುಂಚೆ

ನನ್ನ 2014ರ ಸ್ವಿಫ್ಟ್ ವಿಎಕ್ಸ್‌ಐಗೆ ಕಂಪನಿ ಕೊಟ್ಟಿದ್ದು 165/80 ಆರ್14 ಟೈರ್: ಅಗಲ 165 ಮಿ.ಮೀ, ಪಕ್ಕದ ಗೋಡೆಯ ಎತ್ತರ ಅಗಲದ 80%, ರಿಮ್ 14 ಇಂಚು. ಗೆಳೆಯನ ಹತ್ತಿರ 15 ಇಂಚಿನ ಅಲಾಯ್ ವೀಲ್ ಸೆಕೆಂಡ್‌ಹ್ಯಾಂಡ್ ಸಿಕ್ಕವು. ಇದೇ ಕಾರಿನ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಬರುವುದು 185/65 ಆರ್15. ಸುಮ್ನೆ ಅದನ್ನೇ ಹಾಕಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಪಿ.ಬಿ. ರಸ್ತೆಯ ಟೈರ್ ಅಂಗಡಿಯವರೂ ಹೇಳಿದರು: "ಅಣ್ಣಾ, 195 ಬ್ಯಾಡ್ರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಉಜ್ಜತ್ತೆ." ನನಗೆ ದಪ್ಪ ಟೈರ್ ಹುಚ್ಚು. 195/65 ಆರ್15 ಹೇಳಿಬಿಟ್ಟೆ.

ಲೆಕ್ಕ ಸುಲಭ. 195ರಲ್ಲಿ 65% ಅಂದರೆ 126.75 ಮಿ.ಮೀ. ಮೇಲೊಂದು, ಕೆಳಗೊಂದು, ನಡುವೆ ರಿಮ್‌ನ 15 ಇಂಚು, ಅಂದರೆ 381. ಒಟ್ಟು 634.5 ಮಿ.ಮೀ. ಹಳೆಯದು 619.6. ಅಂದರೆ 2.4% ದೊಡ್ಡದು.

ಕಾಗದದ ಲೆಕ್ಕ ಸಾಲದು ಅನ್ನಿಸಿತು. ಬೆಳಿಗ್ಗೆ ಮನೆ ಮುಂದೆ ಹಳೇ ಟೈರ್‌ಗೆ ಸೀಮೆಸುಣ್ಣದ ಗೆರೆ ಎಳೆದೆ. ಅದರ ನೇರಕ್ಕೆ ನೆಲದ ಮೇಲೂ ಒಂದು ಗೆರೆ. ಅಪ್ಪಾಜಿ ಒಳಗೆ ಕೂತು ಸ್ಟೇರಿಂಗ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಚಕ್ರ ಒಂದು ಸುತ್ತು ಬಂದು ಗೆರೆ ಮತ್ತೆ ನೆಲ ಮುಟ್ಟಿದಾಗ ಟೇಪು ಹಿಡಿದೆ: 186 ಸೆಂ.ಮೀ.

ಮೊದಲ ವಾರ

ಹೊಸ ಟೈರ್ ಹಾಕಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಸಿ ಮತ್ತೆ ಸೀಮೆಸುಣ್ಣ. 193.5 ಸೆಂ.ಮೀ. ಹೆಚ್ಚಾಗಿದ್ದು 4%! ಲೆಕ್ಕದಲ್ಲಿ 2.4 ಬಂದಿತ್ತು, ಅಲ್ವಾ?

ಎರಡು ದಿನ ತಲೆ ಕೆರೆದುಕೊಂಡೆ. ಟೇಪು ಸರಿಯಿತ್ತು, ಗಾಳಿಯೂ ಸರಿಯಿತ್ತು. ಆಮೇಲೆ ಬಿಚ್ಚಿಟ್ಟಿದ್ದ ಹಳೇ ಟೈರ್ ಕಣ್ಣಿಗೆ ಬಿತ್ತು. ಅದರ ಪಟ್ಟಿ, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಗಾಡಿಯ ಆಳ, ಉಳಿದಿದ್ದು ಬರೀ 3 ಮಿ.ಮೀ, ಹೊಸದರದ್ದು 8. ಸುತ್ತಲೂ 5 ಮಿ.ಮೀ ಸವೆದಿದ್ದರಿಂದ ಒಂದು ಸುತ್ತಿಗೆ ಸುಮಾರು 3 ಸೆಂ.ಮೀ ಕಮ್ಮಿ ಓಡುತ್ತಿತ್ತು. ಅಂದರೆ ಸೈಜ್ ಬದಲಿಸದೆ ಹೊಸ ಟೈರ್ ಹಾಕಿದರೂ ಮೀಟರ್ ಲೆಕ್ಕ ಒಂದೂವರೆ ಪರ್ಸೆಂಟ್‌ಗಿಂತ ಜಾಸ್ತಿ ಬದಲಾಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಮೂರನೇ ವಾರ, ಹೈವೇ

ದಾವಣಗೆರೆಯಿಂದ ಚಿತ್ರದುರ್ಗದ ಕಡೆ, ಎನ್‌ಎಚ್ 48. ತಮ್ಮ ಪಕ್ಕದಲ್ಲಿ ಕೂತು ಮೊಬೈಲ್ ಜಿಪಿಎಸ್ ನೋಡುತ್ತಿದ್ದ. ಹಳೇ ಟೈರ್‌ನಲ್ಲೂ ಇದೇ ದಾರಿಯಲ್ಲಿ ಬರೆದಿಟ್ಟಿದ್ದೆ. ಆಗ ಸ್ಪೀಡೋಮೀಟರ್ ಮುಳ್ಳು 80ರಲ್ಲಿದ್ದರೆ ಜಿಪಿಎಸ್ 74, ಮುಳ್ಳು 100 ಅಂದರೆ 93. ಈಗ 77 ಮತ್ತು 97.

ಅಂದರೆ ಸ್ಪೀಡೋಮೀಟರ್ ಮೊದಲಿಗಿಂತ ಸತ್ಯ ಹೇಳುತ್ತಿದೆ! ಕಾರಣ ಇದೆ. ಮುಳ್ಳು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು ಅಂತ ವಿಶ್ವಸಂಸ್ಥೆಯ ವಾಹನ ನಿಯಮ 39 ಹೇಳುತ್ತದೆ. ನಿಜ 80 ಇದ್ದಾಗ 92ರವರೆಗೂ ತೋರಿಸಬಹುದು. ಹಾಗಾಗಿ ಕಂಪನಿಯವರು ಬೇಕಂತಲೇ ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಾರೆ. ದೊಡ್ಡ ಟೈರ್ ಆ ಅಂತರವನ್ನು ತಿಂದುಹಾಕಿತು. ಇನ್ನೂ ದೊಡ್ಡದು ಹಾಕಿದ್ದರೆ ಮುಳ್ಳು 80 ಅಂತಿರುವಾಗ ನಾನು 82ರಲ್ಲಿ ಹೋಗುತ್ತಿದ್ದೆ. ದಂಡ ಬಿದ್ದರೆ ಟೈರ್ ಮೇಲೆ ಹಾಕೋಕೆ ಆಗುತ್ತಾ?

ಕೆಟ್ಟಿದ್ದು ಕಿಲೋಮೀಟರ್ ಲೆಕ್ಕ. ಹೆದ್ದಾರಿಯ ಕಲ್ಲುಗಳ ಪ್ರಕಾರ 20 ಕಿ.ಮೀ ಓಡಿಸಿದೆ. ಹಳೇ ಟೈರ್‌ನಲ್ಲಿ ಟ್ರಿಪ್ ಮೀಟರ್ 20.2 ತೋರಿಸಿತ್ತು, ಈಗ 19.4. ಭರಮಸಾಗರದಲ್ಲಿ ಚಹಾ ಕುಡಿಯುತ್ತಾ ತಮ್ಮ ಅಂದ, "ಮಾರುವಾಗ ಕಿಲೋಮೀಟರ್ ಕಮ್ಮಿ ಇರುತ್ತೆ ಬಿಡಣ್ಣ." ಬುದ್ಧಿ ಎಲ್ಲಿಗೆ ಓಡುತ್ತೆ ನೋಡಿ.

ಆರನೇ ವಾರ

ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಮೈಲೇಜ್ 17.8ರಿಂದ 16.5ಕ್ಕೆ ಇಳಿಯಿತು. ಎದೆ ಧಸಕ್ಕೆಂದಿತು. ಆದರೆ ಎರಡೂ ಸಲ ಓಡೋಮೀಟರ್ ತಪ್ಪು ಹೇಳಿದೆ. ಸರಿಪಡಿಸಿದರೆ 17.6 ಇದ್ದಿದ್ದು 17 ಆಗಿದೆ. ಅರ್ಧಕ್ಕಿಂತ ಜಾಸ್ತಿ ಬರೀ ಲೆಕ್ಕದ ಮೋಸ, ಉಳಿದದ್ದು ಅಗಲ ಟೈರ್‌ನ ಖರ್ಚು.

ಓಡಿಸುವಾಗ? ಹೈವೇಯಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುತ್ತದೆ. ಊರೊಳಗೆ ಸ್ಟೇರಿಂಗ್ ಭಾರ. ಹಂಪ್ ದಾಟಿ ಸೆಕೆಂಡ್ ಗೇರ್‌ನಲ್ಲಿ ಎತ್ತುವಾಗ ಮೊದಲಿನ ಚುರುಕಿಲ್ಲ, ಗೇರ್ ಒಂದಿಷ್ಟು ಉದ್ದವಾದ ಹಾಗೆ. ಸೈಜ್ ಲೆಕ್ಕದಲ್ಲಿ ಕಾರಿನ ಅಡಿಗೆ ಸಿಕ್ಕ ಎತ್ತರ ಸುಮಾರು 7 ಮಿ.ಮೀ, ಗೊತ್ತೇ ಆಗಲ್ಲ.

ಮೊನ್ನೆ ಗಾಳಿ ಚೆಕ್ ಮಾಡಿಸೋಕೆ ಅದೇ ಅಂಗಡಿಗೆ ಹೋದೆ. ಒಳಗೆ ಎಡಕ್ಕೆ ಪೂರ್ತಿ ತಿರುಗಿಸಿದೆ ನೋಡಿ, ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ಗೆ ಟೈರ್ ಉಜ್ಜಿ ಗರ್ರ್ ಅಂತು. ಅಂಗಡಿಯವರು ತಲೆ ಎತ್ತಲೂ ಇಲ್ಲ. "ಬಂದ್ರಾ ಅಣ್ಣಾ" ಅಂದರು.