ಉಳಿದ ಎರಡು ಎಲ್ಲಿ?

ಡಿಗ್ರಿ ಎರಡನೇ ವರ್ಷದ ಪ್ರಾಕ್ಟಿಕಲ್. ಈರುಳ್ಳಿ ಬೇರಿನ ತುದಿಯಲ್ಲಿ ವರ್ಣತಂತು (ಕ್ರೋಮೋಸೋಮ್), ಅಂದರೆ ಕೋಶದೊಳಗಿನ ವಂಶಗುಣದ ಎಳೆಗಳನ್ನು ಎಣಿಸುವ ದಿನ. ತುದಿಯನ್ನು ಆಮ್ಲದಲ್ಲಿ ಬಿಸಿ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ಒತ್ತಬೇಕು. ಮೆಲ್ಲಗೆ ಒತ್ತಿದರೆ ಕೋಶಗಳು ಒಂದರ ಮೇಲೊಂದು ಕೂತೇ ಇರುತ್ತವೆ. ಬೆರಳು ಜಾರಿದರೆ ಎಲ್ಲ ಕಲಸಿಹೋಗುತ್ತದೆ.

ನನಗೆ ಒಂದೇ ಒಂದು ಒಳ್ಳೆಯ ಕೋಶ ಸಿಕ್ಕಿತು. ಮಧ್ಯದಲ್ಲಿ ಕಡುಗೆಂಪು ಎಳೆಗಳು. ಮೂರು ಸಲ ಎಣಿಸಿದೆ, 14. ಪುಸ್ತಕದಲ್ಲಿ 16 ಅಂತ ಇತ್ತು. ರೆಕಾರ್ಡಿನಲ್ಲಿ 16 ಎಂದೇ ಬರೆದೆ. ಚಿತ್ರದಲ್ಲೂ ಎರಡು ಎಳೆ ಸೇರಿಸಿದೆ.

ಮೇಡಂ ಸ್ಲೈಡ್ ನೋಡಿದರು, ರೆಕಾರ್ಡ್ ನೋಡಿದರು. "ಉಳಿದ ಎರಡು ಎಲ್ಲಿವೆ, ತೋರಿಸು" ಎಂದರು. ನಾನು ತಲೆ ತಗ್ಗಿಸಿದೆ.

ಅವರು ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಮನುಷ್ಯರ ಲೆಕ್ಕದ ಕಥೆ ಹೇಳಿದರು. 1923ರಲ್ಲಿ ಅಮೆರಿಕದ ವಿಜ್ಞಾನಿ ಥಿಯೋಫಿಲಸ್ ಪೇಂಟರ್ ನಮ್ಮ ಕೋಶದಲ್ಲಿ 48 ವರ್ಣತಂತು ಇವೆ ಎಂದಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಪುಸ್ತಕಗಳಲ್ಲಿ ಅದೇ ನಿಂತಿತು. 1955ರ ಕೊನೆಗೆ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟ್ಜಿಯೊ ಎಂಬ ವಿಜ್ಞಾನಿ ಕೋಶಗಳನ್ನು ತೆಳು ಉಪ್ಪುನೀರಿನಲ್ಲಿ ಉಬ್ಬಿಸಿ, ಎಳೆಗಳನ್ನು ಬಿಡಿಬಿಡಿಯಾಗಿಸಿ ಎಣಿಸಿದರು. 46! ಮರುವರ್ಷ ಅವರೂ ಆಲ್ಬರ್ಟ್ ಲೆವಾನ್ ಅವರೂ ಅದನ್ನು ಪ್ರಕಟಿಸಿದರು. ನನ್ನನ್ನು ತಟ್ಟಿದ್ದು ಇದಲ್ಲ. ಅವರಿಗಿಂತ ಮೊದಲೇ ಬೇರೆ ಕೆಲವರಿಗೆ ಭ್ರೂಣದ ಲಿವರ್ ಕೋಶಗಳಲ್ಲಿ 46 ಕಂಡಿತ್ತು. ಉಳಿದ ಎರಡು ಸಿಗಲಿಲ್ಲವಲ್ಲ ಎಂದು ಅವರು ಆ ಕೆಲಸವನ್ನೇ ಅರ್ಧಕ್ಕೆ ಬಿಟ್ಟಿದ್ದರು.

ಆಮೇಲೆ ಮೇಡಂ ಮೈಕ್ರೋಸ್ಕೋಪಿನ ಫೈನ್ ಫೋಕಸ್ ತಿರುಗಿಸಿ ತೋರಿಸಿದರು. ನಾನು ಒಂದು ಅಂದುಕೊಂಡಿದ್ದ ದಪ್ಪ ಎಳೆ, ಒಂದರ ಮೇಲೊಂದು ಮಲಗಿದ್ದ ಎರಡು ಎಳೆ. ಹದಿನಾರನೆಯದು ಸಿಗಲೇ ಇಲ್ಲ. "16" ಹೊಡೆಸಿ "15, ಒಂದು ಕಾಣಲಿಲ್ಲ" ಎಂದು ಬರೆಸಿ ಸಹಿ ಹಾಕಿದರು.

ಮುಂದಿನ ಕ್ಲಾಸುಗಳಲ್ಲಿ ನಮ್ಮ ಅಂದಾಜುಗಳೆಲ್ಲ ತಲೆಕೆಳಗಾದವು. ನಮ್ಮ ಕಾಡುಕುರಿಯಲ್ಲಿ (ಕುರಿಯಲ್ಲ, ಒಂದು ಪುಟ್ಟ ಜಿಂಕೆ) ಹೆಣ್ಣಿಗೆ 6, ಗಂಡಿಗೆ 7. ಅದರ ಹತ್ತಿರದ ನೆಂಟ, ಚೀನಾದ ಕಾಡುಕುರಿಗೆ 46! ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರೀಗಿಡಕ್ಕೆ 1260. ದೊಡ್ಡ ಜೀವಿಗೆ ಜಾಸ್ತಿ ವರ್ಣತಂತು ಇರುತ್ತವೆ ಅನ್ನುವ ಲೆಕ್ಕ ಎಲ್ಲೂ ಕೂಡಲಿಲ್ಲ. ಕುದುರೆಯ 64ರಲ್ಲಿ ಅರ್ಧ, ಕತ್ತೆಯ 62ರಲ್ಲಿ ಅರ್ಧ ಸೇರಿ ಹೇಸರಗತ್ತೆಗೆ 63. ಸರಿಯಾಗಿ ಜೋಡಿ ಕೂಡದ ಕಾರಣ ಅದಕ್ಕೆ ಮರಿಯಾಗುವುದು ತೀರಾ ಅಪರೂಪ.

ಈಗ ಎಣಿಸುವುದೇ ನನ್ನ ಕೆಲಸ. ಒಬ್ಬರ ರಕ್ತದಿಂದ ಸಾಮಾನ್ಯವಾಗಿ 20 ಕೋಶ ನೋಡುತ್ತೇವೆ. 47 ಬಂದು, ಎರಡಿರಬೇಕಾದ 21ನೇ ನಂಬರಿನ ವರ್ಣತಂತು ಮೂರು ಇದ್ದರೆ ಡೌನ್ ಸಿಂಡ್ರೋಮ್. ಕಷ್ಟ ಇರುವುದು 45ರಲ್ಲಿ. ಸ್ಲೈಡ್ ಮಾಡುವಾಗ ಒಂದು ಎಳೆ ಕಳೆದುಹೋಗಿರಬಹುದು. ಅಥವಾ ರಕ್ತ ಕೊಟ್ಟವಳು ಹುಡುಗಿಯಾದರೆ, ಅವಳ ಕೆಲವು ಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ನಿಜವಾಗಿಯೂ ಇಲ್ಲದೇ ಇರಬಹುದು. ಅಂಥ ದಿನ 20ಕ್ಕೆ ನಿಲ್ಲಿಸುವುದಿಲ್ಲ. ಕಂಡದ್ದನ್ನು 45 ಎಂದೇ ಬರೆದುಕೊಂಡು, ಇನ್ನಷ್ಟು ಕೋಶ ಹುಡುಕುತ್ತೇನೆ.