ಆರ್‌ಟಿಕೆ ಡ್ರೋನ್ ಇದ್ದರೂ ಕಂಟ್ರೋಲ್ ಪಾಯಿಂಟ್ ಬೇಕು

ತಾನಿರುವ ಜಾಗವನ್ನು ಸ್ಯಾಟಲೈಟ್ ನೆರವಿನಿಂದ ಸೆಂಟಿಮೀಟರ್ ಮಟ್ಟದಲ್ಲಿ ಗುರುತಿಸುವ ಆರ್‌ಟಿಕೆ ಡ್ರೋನ್ ಬಂದ ಮೇಲೂ ಗಣಿ ಸರ್ವೇಯಲ್ಲಿ ಕಂಟ್ರೋಲ್ ಪಾಯಿಂಟ್ (ನೆಲದ ಮೇಲೆ ಗುರುತು ಹಾಕಿ ನಿಖರವಾಗಿ ಅಳೆದ ಜಾಗ) ಯಾಕೆ ಹಾಕಬೇಕು ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಬಿಸಿಲಲ್ಲಿ ಅಳತೆಯ ಕೋಲು ಹೊತ್ತು, ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಬೆಂಚಿನಿಂದ ಬೆಂಚಿಗೆ ಹತ್ತಿಳಿಯುವುದು, ಡಂಪರ್ ಓಡಾಡುವ ದಾರಿಯ ಪಕ್ಕ ನಿಂತು ಅಳೆಯುವುದು ಸುಲಭದ ಕೆಲಸವಲ್ಲ. ಆದರೂ ನಾನು ಹಾಕಿಯೇ ಹಾಕುತ್ತೇನೆ.

ಕಾರಣ ಎತ್ತರ. ಫೋಟೋ ತೆಗೆದ ಕ್ಷಣದಲ್ಲಿ ಕ್ಯಾಮೆರಾ ಎಲ್ಲಿತ್ತು ಅನ್ನೋದಷ್ಟೇ ಆರ್‌ಟಿಕೆಗೆ ಗೊತ್ತು. ಅಲ್ಲಿಂದ ನೆಲ ಎಷ್ಟು ಕೆಳಗಿದೆ ಅನ್ನೋದನ್ನು ಸಾಫ್ಟ್‌ವೇರ್ ಫೋಟೋಗಳಿಂದಲೇ, ಲೆನ್ಸಿನ ಫೋಕಲ್ ಲೆಂಗ್ತ್ ಹಿಡಿದು ಲೆಕ್ಕ ಹಾಕುತ್ತದೆ. ಆ ಅಂದಾಜು ಸ್ವಲ್ಪ ಆಚೀಚೆಯಾದರೆ ಫೋಟೋಗಳಿಂದ ಮಾಡಿದ ನೆಲದ ಇಡೀ 3ಡಿ ಮಾಡೆಲ್ ಮೇಲಕ್ಕೋ ಕೆಳಕ್ಕೋ ಜರುಗುತ್ತದೆ. ಕ್ಯಾಮೆರಾವನ್ನು ನೇರ ಕೆಳಗೆ ತಿರುಗಿಸಿ ಒಂದೇ ಎತ್ತರದಲ್ಲಿ ಹಾರಿಸಿದಾಗ ಈ ಅಪಾಯ ಹೆಚ್ಚು, ಲೆನ್ಸ್ ಡಿಸ್ಟಾರ್ಷನ್ (ಲೆನ್ಸ್ ಚಿತ್ರವನ್ನು ಎಷ್ಟು ಬಾಗಿಸುತ್ತದೆ ಅನ್ನೋದು) ಕೂಡ ಸರಿಯಾಗಿ ಸಿಗದಿದ್ದರೆ ಮಾಡೆಲ್‌ನಲ್ಲಿ ಸಪಾಟಾದ ಯಾರ್ಡ್ ನಡುವೆ ಉಬ್ಬಿಬಿಡುತ್ತದೆ. ನೋಡೋಕೆ ಮಾತ್ರ ಮಾಡೆಲ್ ಚಂದವಾಗೇ ಇರುತ್ತದೆ.

ಒಂದೇ ಸರ್ವೇಯಲ್ಲಿ ಅದಿರಿನ ರಾಶಿ ಅಳೆದರೆ ಜರುಗಿದ್ದು ಗೊತ್ತಾಗುವುದಿಲ್ಲ, ಯಾಕಂದರೆ ರಾಶಿಯ ಬುಡವೂ ಜೊತೆಗೇ ಜರುಗಿರುತ್ತದೆ. ಹೋದ ತಿಂಗಳ ಮಾಡೆಲ್‌ನಿಂದ ಈ ತಿಂಗಳದ್ದನ್ನು ಕಳೆದಾಗ ಬಣ್ಣ ಬಯಲಾಗುತ್ತದೆ. 10 ಹೆಕ್ಟೇರ್ ಜಾಗದಲ್ಲಿ 10 ಸೆಂಟಿಮೀಟರ್ ತಪ್ಪಿದರೆ 10,000 ಘನ ಮೀಟರ್ ವ್ಯತ್ಯಾಸ. ಅಗೆದವರ ಬಿಲ್ ಆಗುವುದು ಈ ಲೆಕ್ಕದ ಮೇಲೆ, ಅಲ್ವಾ?

ಗುಂಡಿಯ ಅಂಚಿನಲ್ಲಿ ನಾಲ್ಕು ಗುರುತು ಹಾಕಿ ಬಂದರೆ ಸಾಲದು. ತಳದಲ್ಲೂ ಬೇಕು, ನಡುವಿನ ಬೆಂಚುಗಳಲ್ಲೂ ಬೇಕು. ಆಳದಲ್ಲಿ ಗೋಡೆ ಅಡ್ಡ ಬಂದು ಸ್ಯಾಟಲೈಟ್ ಸಿಗ್ನಲ್ ಸರಿಯಾಗಿ ಸಿಗದಿದ್ದರೆ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಉಪಕರಣ ಇಡಬೇಕು. ಸಡಿಲ ಕಲ್ಲು ನೇತಾಡುವ ಗೋಡೆಯ ಬುಡಕ್ಕೆ ಮಾತ್ರ ಯಾವ ಪಾಯಿಂಟ್‌ಗೋಸ್ಕರವೂ ಹೋಗಬೇಡಿ.

ಅಳೆದ ಪಾಯಿಂಟ್‌ಗಳನ್ನೆಲ್ಲ ಸಾಫ್ಟ್‌ವೇರ್‌ಗೆ ಕೊಟ್ಟುಬಿಡಬೇಡಿ. ಕೆಲವನ್ನು ಚೆಕ್ ಪಾಯಿಂಟ್ ಅಂತ ಬೇರೆ ಇಟ್ಟು ಮಾಡೆಲ್ ಆದಮೇಲೆ ಹೋಲಿಸಿ. ರಿಪೋರ್ಟ್‌ನಲ್ಲಿ ಕಂಟ್ರೋಲ್ ಪಾಯಿಂಟ್‌ಗಳ ತಪ್ಪು 1 ಸೆಂಟಿಮೀಟರ್ ಅಂತ ಬಂದರೆ ನಾನು ಖುಷಿಪಡಲ್ಲ. ಮಾಡೆಲನ್ನು ಅವಕ್ಕೇ ಎಳೆದು ಕೂರಿಸಿದ್ದು, ಕಮ್ಮಿ ಬಾರದೆ ಇನ್ನೇನು?

ಇನ್ನೊಂದು, ಗಣಿಯ ಗ್ರಿಡ್, ಅಂದರೆ ಜಾಗ ಗುರುತಿಸುವ ಅಳತೆಯ ಚೌಕಟ್ಟು. ಭೂಮಿಯನ್ನು ವಲಯಗಳಾಗಿ ಹಂಚಿ ಸಪಾಟು ನಕ್ಷೆಗೆ ಇಳಿಸುವ ಯುಟಿಎಂ ಪದ್ಧತಿಯಲ್ಲಿ ವಲಯದ ಮಧ್ಯರೇಖೆಯ ಮೇಲೆ ಸ್ಕೇಲ್ 0.9996, ಅಂದರೆ 1 ಕಿಲೋಮೀಟರಿಗೆ 40 ಸೆಂಟಿಮೀಟರ್ ಕಮ್ಮಿ. ಎಷ್ಟೋ ಗಣಿಗಳು ನೆಲದ ಮೇಲಿನ ನಿಜವಾದ ಅಳತೆಯ ಸ್ವಂತ ಗ್ರಿಡ್ ಇಟ್ಟುಕೊಂಡಿರುತ್ತವೆ. ಎರಡನ್ನೂ ಬೆರೆಸಿದರೆ ಹೊಸ ಮಾಡೆಲ್ ಹಳೇ ನಕ್ಷೆಗೆ ಹೊಂದುವುದೇ ಇಲ್ಲ. ಡ್ರೋನ್ ಹಾರಿಸುವ ಮೊದಲೇ ಗಣಿಯ ಸರ್ವೇಯರ್ ಹತ್ತಿರ ಗ್ರಿಡ್ ಯಾವುದು, ಎತ್ತರ ಎಲ್ಲಿಂದ ಅಳೆಯುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.