ಚಿಕೋರಿ ಎಷ್ಟು ಹಾಕ್ಲಿ?

ತುಮಕೂರಿನ ಅಶೋಕ ರಸ್ತೆ ಕಡೆ ನಾನು ಕಾಫಿ ಪುಡಿ ತರುವ ಅಂಗಡಿಯಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಚಿಕೋರಿ ಎಷ್ಟು ಹಾಕ್ಲಿ ಸರ್?" ಈಚೆಗೆ ನಾನು ಉತ್ತರ ತಯಾರು ಮಾಡಿಕೊಂಡೇ ಹೋಗುತ್ತೇನೆ. "ಪ್ಲಾಂಟೇಷನ್ ಎ ಅರ್ಧ, ಪೀಬೆರಿ ಅರ್ಧ, ಚಿಕೋರಿ ಬೇಡ." ಪ್ಲಾಂಟೇಷನ್ ಎ ಅಂದರೆ ಅರೇಬಿಕಾ ಎಂಬ ಕಾಫಿ ಜಾತಿಯ ದಪ್ಪ ಬೀಜ.

"ಡಿಕಾಕ್ಷನ್ ತೆಳ್ಳಗೆ ಬರುತ್ತೆ, ಆಮೇಲೆ ನನ್ನ ಬೈಬೇಡಿ" ಅಂತಾರೆ ಅವರು.

ಮಾತು ನಿಜವೇ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಅದರ ಪುಡಿ ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಫಿಲ್ಟರಿನಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ, ಬಣ್ಣವೂ ಕಪ್ಪಗಾಗುತ್ತದೆ. ಬರೀ ಕಾಫಿ ಪುಡಿಯಾದರೆ ನೀರು ಸರ್ರನೆ ಇಳಿದುಬಿಡುತ್ತದೆ. ಅದಕ್ಕೇ ಇನ್ನೂ ಸ್ವಲ್ಪ ಸಣ್ಣಗೆ ಪುಡಿ ಮಾಡಿಸುತ್ತೇನೆ, ಒಂದು ಚಮಚ ಜಾಸ್ತಿಯೇ ಹಾಕಿ ಹದವಾಗಿ ಒತ್ತುತ್ತೇನೆ.

ಪೀಬೆರಿ ಅಂದರೆ ಬೇರೆ ತಳಿ ಅಂದುಕೊಳ್ಳುವವರು ಬಹಳ. ಅಲ್ಲ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ, ಒಂದಕ್ಕೊಂದು ಅಂಟಿಕೊಂಡ ಬದಿ ಚಪ್ಪಟೆ. ಒಂದೇ ಬೀಜ ಬೆಳೆದರೆ ಗುಂಡಗಾಗುತ್ತದೆ, ಅದೇ ಪೀಬೆರಿ. ಅರೇಬಿಕಾದಲ್ಲೂ ಸಿಗುತ್ತದೆ, ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದಲ್ಲೂ ಸಿಗುತ್ತದೆ. ಸುಮ್ನೆ "ಪೀಬೆರಿ ಕೊಡಿ" ಅಂದರೆ ಸಾಲದು ಅಲ್ವಾ?

ವ್ಯತ್ಯಾಸ ತಿಳಿಯಬೇಕಾದರೆ ಒಮ್ಮೆ ಹಾಲು, ಸಕ್ಕರೆ ಬಿಟ್ಟು ಕುಡಿಯಿರಿ. ಅರೇಬಿಕಾದಲ್ಲಿ ನಾಲಿಗೆಯ ಅಂಚಿಗೆ ತಾಗುವ ಸಣ್ಣ ಹುಳಿ ಇದೆ. ರೊಬಸ್ಟಾ ಕಹಿ, ಗಡುಸು, ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಹಾಲು ಬೆರೆಸುವವರಿಗೆ ಸ್ವಲ್ಪ ರೊಬಸ್ಟಾ ಇರುವುದೇ ವಾಸಿ ಅಂತ ನನ್ನ ಲೆಕ್ಕ.

ಅಮ್ಮನಿಗೆ ಇದ್ಯಾವುದೂ ಬೇಡ. "ನಿನ್ನ ಹುಳಿ ಕಾಫಿ ನೀನೇ ಕುಡಿಯಪ್ಪಾ" ಅಂತಾರೆ. ಹೀಗಾಗಿ ನಮ್ಮ ಮನೆಯಲ್ಲಿ ಎರಡು ಫಿಲ್ಟರ್.